ಏಳನೇ ಫಾರಂ ಎರಡು ಸಲ

ನನ್ನ ನಾದಿನಿ ಎಲ್ಲಿ ಬೇಕಾದರೂ ನಿದ್ದೆ ಮಾಡಬಲ್ಲಳು. ಕಾಗದದ ಕಟ್ಟುಗಳ ಮೇಲೆ ತಲೆಯಿಟ್ಟು, ಕಂಬಕ್ಕೆ ಒರಗಿ, ಒಮ್ಮೆಯಂತೂ ಅಂಟಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ತಿರುಗಿಸುತ್ತಾ. ಕುದುರೆಯ ಹಾಗೆ ನಿಂತೇ ಮಲಗುತ್ತಾಳೆ ಎಂದು ಬೈಂಡಿಂಗ್ ಹಾಲಿನ ಹೆಂಗಸರು ಆಡಿಕೊಳ್ಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದರೂ ಅವಳಿಗೆ ಬೇಸರವಿಲ್ಲ. ಕುದುರೆಗೆ ಹೊತ್ತಿಗೆ ಸರಿಯಾಗಿ ಮೇವಾದರೂ ಸಿಗುತ್ತದೆ ಎನ್ನುತ್ತಿದ್ದಳು.

ಅವಳನ್ನು ಅಲ್ಲಿ ಸೇರಿಸಿದ್ದು ನಾನು. ಹಾಗಾಗಿ ಅವಳು ತೂಕಡಿಸಿದಾಗಲೆಲ್ಲ ಎಲ್ಲರ ಕಣ್ಣು ಮೊದಲು ನನ್ನ ಮುಖಕ್ಕೆ ಬರುತ್ತಿತ್ತು.

ನಮ್ಮದು ಪುಸ್ತಕ ಕಟ್ಟುವ ಕೆಲಸ. ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಮಡಿಸಿದರೆ ಹದಿನಾರು ಪುಟದ ಒಂದು ಮಡಿಕೆ, ಅದೇ ಫಾರಂ. ಹನ್ನೆರಡು ಫಾರಂ ಸೇರಿದರೆ ಒಂದು ಪಠ್ಯಪುಸ್ತಕ. ಹಾಲಿನ ನಡುವೆ ಉದ್ದನೆಯ ಟೇಬಲ್, ಅದರ ಅಂಚಿನಲ್ಲಿ ಸಾಲಾಗಿ ಹನ್ನೆರಡು ಗುಡ್ಡೆ. ಜೋಡಿಸುವ ಐದು ಹೆಂಗಸರು ಬೆಳಿಗ್ಗೆಯಿಂದ ಸಂಜೆಯವರೆಗೆ ಟೇಬಲ್ಲಿನ ಸುತ್ತ ನಡೆಯುತ್ತಾರೆ, ಒಂದೊಂದು ಗುಡ್ಡೆಯಿಂದ ಒಂದೊಂದು ಫಾರಂ ಎತ್ತಿಕೊಳ್ಳುತ್ತಾ. ಸುತ್ತು ಮುಗಿದರೆ ಕೈಯಲ್ಲಿ ಒಂದು ಪುಸ್ತಕ. ಅದನ್ನು ನನ್ನ ಮುಂದೆ ಇಟ್ಟು ಮತ್ತೆ ನಡಿಗೆ.

ಪ್ರತಿ ಫಾರಮ್ಮಿನ ಬೆನ್ನಿಗೆ ಒಂದು ಸಣ್ಣ ಕಪ್ಪು ಚೌಕ ಅಚ್ಚಾಗಿರುತ್ತದೆ, ಒಂದಕ್ಕಿಂತ ಇನ್ನೊಂದರಲ್ಲಿ ಸ್ವಲ್ಪ ಕೆಳಗೆ. ಹನ್ನೆರಡೂ ಸರಿಯಾಗಿ ಕೂತರೆ ಆ ಚೌಕಗಳು ಮೆಟ್ಟಿಲಿನ ಹಾಗೆ ಇಳಿಯುತ್ತವೆ. ಒಂದು ಮೆಟ್ಟಿಲು ತಪ್ಪಿತೆಂದರೆ ಪುಸ್ತಕ ಕೆಟ್ಟಿದೆ ಎಂದರ್ಥ. ಆ ಮೆಟ್ಟಿಲು ನೋಡುವವಳು ನಾನು. ಹದಿನಾಲ್ಕು ವರ್ಷದಿಂದ ನೋಡುತ್ತಿದ್ದೇನೆ, ಹಾಲಿನಲ್ಲಿ ನನ್ನ ಹೆಸರೇ ಮೆಟ್ಟಿಲಮ್ಮ ಎಂದಾಗಿಬಿಟ್ಟಿದೆ. ಗುಡ್ಡೆ ಖಾಲಿಯಾಗುವ ಮೊದಲು ತುಂಬುವುದು ನಾದಿನಿಯ ಕೆಲಸ. ಟೇಬಲ್ಲಿನ ಕೆಳಗೆ ಕಂದು ಕಾಗದದಲ್ಲಿ ಸುತ್ತಿದ ಕಟ್ಟುಗಳಿರುತ್ತವೆ, ಒಂದೊಂದರಲ್ಲಿ ಮುನ್ನೂರು ಫಾರಂ. ಕಟ್ಟು ಬಿಚ್ಚಿ, ಗುಡ್ಡೆ ಏರಿಸಿ, ನಂಬರು ಬರೆದಿರುವ ಆ ಹೊದಿಕೆ ಕಾಗದದ ಮೇಲೆ ತನ್ನ ಗುರುತು ಹಾಕಿ ಬಾಗಿಲ ಪಕ್ಕದ ಮೊಳೆಗೆ ಚುಚ್ಚಬೇಕು. ಅವಳ ಗುರುತು ಒಂದು ಸೊನ್ನೆ. ನನ್ನದು ಎರಡು ಗೀಟು.

ಹಾಲಿನ ಒಂದು ಮೂಲೆಯಲ್ಲಿ, ಏಣಿ ಹತ್ತಿ ಹೋಗಬೇಕಾದ ಎತ್ತರದಲ್ಲಿ, ಮಾಲೀಕರ ಗಾಜಿನ ಕೋಣೆ. ನಾವು ಅವರನ್ನು ಅಟ್ಟದ ದೊರೆ ಎನ್ನುತ್ತೇವೆ, ಅವರಿಗೆ ಕೇಳಿಸದಷ್ಟು ಮೆಲ್ಲಗೆ. ಅವರದೊಂದು ಕಾನೂನು: ಕೆಲಸದ ಹೊತ್ತಿನಲ್ಲಿ ಮಲಗಿದ್ದು ಮೂರು ಸಲ ಕಂಡರೆ ಮನೆಗೆ. ನಾದಿನಿಯ ಲೆಕ್ಕದಲ್ಲಿ ಎರಡು ಸಲ ಆಗಿತ್ತು.

ಅವಳೇನು ಹುಟ್ಟು ಸೋಮಾರಿಯಲ್ಲ. ನಮ್ಮ ಅತ್ತೆ, ಅಂದರೆ ಅವಳ ತಾಯಿ, ಅವಳ ಜೊತೆಗಿದ್ದಾರೆ. ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ. ಅತ್ತೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಾತ್ರಿ ಪಾಳಿ ಮಾಡಿದವರು. ಈಗ ನೆನಪೆಲ್ಲ ಸೋರಿಹೋಗಿದ್ದರೂ ಪಾಳಿ ಮಾತ್ರ ಉಳಿದಿದೆ. ಒಂದು ಗಂಟೆಗೆ ಸರಿಯಾಗಿ ಎದ್ದು ತಲೆ ಬಾಚಿ, ಚೀಲ ಹೆಗಲಿಗೆ ಹಾಕಿ, ಬಾಗಿಲು ತೆಗೆಯಿರಿ ಎಂದು ನಿಲ್ಲುತ್ತಾರೆ. ಬೇಡವೆಂದರೆ ಬೀದಿಗೆ ಕೇಳುವಂತೆ ಅಳು. ನಾದಿನಿ ಒಂದು ಉಪಾಯ ಕಂಡುಕೊಂಡಿದ್ದಾಳೆ. ಅವರನ್ನು ಕುರ್ಚಿಯಲ್ಲಿ ಕೂರಿಸಿ ಎದುರಿಗೆ ಕೂತು ನಂಬರು ಕೊಡುತ್ತಾಳೆ. ಅತ್ತೆ ಲೈನು ಸೇರಿಸುತ್ತಾರೆ. ಮತ್ತೆ ನಂಬರು, ಮತ್ತೆ ಲೈನು. ನಾಲ್ಕು ಗಂಟೆಗೆ ಅತ್ತೆಯ ಪಾಳಿ ಮುಗಿಯುತ್ತದೆ, ನಾದಿನಿಯ ಅಡಿಗೆ ಶುರುವಾಗುತ್ತದೆ. ಮೊದಮೊದಲು ಗೋಡೆಯಾಚೆಯ ಆ ದನಿಗೆ ನನಗೆ ಎಚ್ಚರವಾಗುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ನನಗೂ ಬೆಳಗಾದರೆ ಮಗಳನ್ನು ಶಾಲೆಗೆ ಹೊರಡಿಸುವುದಿತ್ತು, ನಾನು ಮಲಗಿಬಿಡುತ್ತಿದ್ದೆ.

ಶಾಲೆ ತೆರೆಯುವ ಮುಂಚಿನ ಆರು ವಾರ ನಮಗೆ ಸುಗ್ಗಿ. ಬೆಳಿಗ್ಗೆ ಏಳರಿಂದ ರಾತ್ರಿ ಎಂಟರವರೆಗೆ ಟೇಬಲ್ ನಿಲ್ಲುವಂತಿಲ್ಲ. ಆ ವಾರಗಳಲ್ಲೇ ಒಂದು ದಿನ ಮುನ್ನೂರು ವಿಜ್ಞಾನ ಪುಸ್ತಕ ಕೆಟ್ಟವು. ಕೆಟ್ಟದ್ದು ಗೊತ್ತಾದದ್ದು ಹತ್ತು ದಿನ ಕಳೆದ ಮೇಲೆ, ಪ್ರಕಾಶಕರ ಕಡೆಯವರು ಬಂದು ಒಂದು ಪ್ರತಿಯನ್ನು ಅಟ್ಟದ ದೊರೆಯ ಮುಂದೆ ಬಿಡಿಸಿ ಹಿಡಿದಾಗ. ನೂರ ಹನ್ನೆರಡನೇ ಪುಟ ಆದ ಮೇಲೆ ಮತ್ತೆ ತೊಂಬತ್ತೇಳು. ಏಳನೇ ಫಾರಂ ಎರಡು ಸಲ ಕೂತಿತ್ತು, ಎಂಟನೆಯದು ಇರಲೇ ಇಲ್ಲ. ಏಳರಲ್ಲಿ ಉಸಿರಾಟದ ಪಾಠ, ಎಂಟರಲ್ಲಿ ಜೀರ್ಣಕ್ರಿಯೆ. ಜೋಡಿಸುವವರಲ್ಲಿ ಎಲ್ಲರಿಗಿಂತ ಮುಂದೆ ನಡೆಯುವ, ನಾವು ಇಂಜಿನ್ ಅಕ್ಕ ಎಂದು ಕರೆಯುವ ಹೆಂಗಸು, ಈ ವರ್ಷದ ಮಕ್ಕಳು ಎರಡೆರಡು ಸಲ ಉಸಿರಾಡಿ ಉಂಡದ್ದನ್ನು ಹಾಗೇ ಇಟ್ಟುಕೊಳ್ಳಬೇಕು ಪಾಪ ಎಂದಳು. ಯಾರಿಗೂ ಜೋರಾಗಿ ನಗಲು ಧೈರ್ಯವಾಗಲಿಲ್ಲ.

ನನ್ನನ್ನು ಮೇಲೆ ಕರೆಸಿದರು. ಮೆಟ್ಟಿಲು ನೋಡುವವಳಿಗೆ ಮುನ್ನೂರು ಪುಸ್ತಕ ಹೇಗೆ ಕಾಣಲಿಲ್ಲ ಎಂದು ಕೇಳಿದರು. ಒಂದು ಗುಡ್ಡೆಯ ಜಾಗಕ್ಕೆ ಬೇರೆ ಫಾರಂ ಬಿದ್ದಿರಬೇಕು, ಇಲ್ಲದಿದ್ದರೆ ಸಾಲಾಗಿ ಮುನ್ನೂರು ಕೆಡುವುದಿಲ್ಲ ಎಂದೆ. ತುಂಬುತ್ತಿದ್ದವರು ಯಾರು ಎಂದರು. ನಾದಿನಿ ಎಂದೆ. ಅಲ್ಲಿಗೇ ನಿಲ್ಲಿಸಿದ್ದರೆ ಆಗಿತ್ತು. ಹೆದರಿದ ಬಾಯಿ ನಿಲ್ಲುತ್ತದೆಯೇ? ಆ ಪುಸ್ತಕ ಕಟ್ಟಿದ ದಿನ ಮಧ್ಯಾಹ್ನ ಅವಳಿಗೆ ಸ್ವಲ್ಪ ಕಣ್ಣು ಹತ್ತಿತ್ತು ಎಂದುಬಿಟ್ಟೆ.

ಅವರು ಮೇಜಿನ ಖಾನೆಯಿಂದ ಬಿಳಿ ಹಾಳೆಯೊಂದನ್ನು ತೆಗೆದು ನನ್ನ ಮುಂದೆ ಇಟ್ಟರು. ಮಲಗಿದ್ದಳು, ಆ ಕಾರಣಕ್ಕೆ ಮುನ್ನೂರು ಪ್ರತಿ ಹಾಳಾಯಿತು ಎಂದು ಬರೆದು ಸಹಿ ಮಾಡಬೇಕು, ಮಿಕ್ಕದ್ದನ್ನು ತಾವು ನೋಡಿಕೊಳ್ಳುತ್ತೇವೆ ಎಂದರು. ಮೂರು ಗಂಟೆಗೆ ಅವಳನ್ನೂ ಕರೆದುಕೊಂಡು ಬನ್ನಿ ಎಂದೂ ಹೇಳಿದರು. ಹಾಳೆಯನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡು ಏಣಿ ಇಳಿದೆ.

ನಾದಿನಿ ನಲ್ಲಿಯ ಹತ್ತಿರ ಕೈಗೆ ಮೆತ್ತಿದ ಅಂಟು ಉಜ್ಜುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ, ನನ್ನ ಬಾಯಿ ಜಾರಿದ್ದನ್ನೂ. ಅವಳು ಉಗುರಿನ ಸಂದಿಯ ಅಂಟನ್ನು ಕೆರೆಯುತ್ತಲೇ ಇದ್ದಳು.

"ಅಮ್ಮನ ವಿಷಯ ಹೇಳು. ಅವರೂ ಮನುಷ್ಯರೇ ತಾನೆ, ಕರಗ್ತಾರೆ," ಎಂದೆ.

"ಹೇಳಲ್ಲ ಅತ್ತಿಗೆ."

"ಯಾಕೆ, ಹೇಳಿದ್ರೆ ನಾಲಿಗೆ ಸವೆಯುತ್ತಾ?"

"ಮೂವತ್ತು ವರ್ಷ ಕೂತು ಇಡೀ ಊರಿನ ಮಾತು ಸೇರಿಸಿದವಳು ಅವಳು. ಅವಳ ತಲೆ ನಿಂತುಹೋಗಿದೆ ಅಂತ ಆ ಗಾಜಿನ ಡಬ್ಬೀಲಿ ನಿಂತು ಹೇಳಿ, ಆಯಪ್ಪ ಅಯ್ಯೋ ಪಾಪ ಅಂದು, ಅದರಿಂದ ನನ್ನ ಕೆಲಸ ಉಳೀಬೇಕಾ? ನಮ್ಮಮ್ಮನ್ನ ನಾನು ರಜಾ ಚೀಟಿ ಮಾಡ್ಕೊಳಲ್ಲ. ನಿದ್ದೆ ಬಂತು, ಮಲಗಿದೆ. ಅಷ್ಟೇ ಹೇಳೋದು."

ನನಗೆ ಮೈಯೆಲ್ಲ ಉರಿಯಿತು. ಗಂಡನಿಲ್ಲದ ಮನೆ, ಅವಳ ಸಂಬಳವೊಂದೇ ಆಧಾರ, ಇಷ್ಟು ಸೊಕ್ಕು ಯಾರಿಗೆ ಬೇಕು ಎಂದು ನನಗೆ ತೋಚಿದ್ದನ್ನೆಲ್ಲ ಅಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಸರಿ ನಡೆಯಿರಿ, ದೊರೆಯನ್ನು ಕಾಯಿಸಬಾರದು ಎಂದಳು.

ಮೇಲೆ ಹೋದರೆ ಅಟ್ಟದ ದೊರೆ ಕೆಟ್ಟ ಪುಸ್ತಕವನ್ನು ಅದೇ ಪುಟಕ್ಕೆ ತೆರೆದು ಮೇಜಿನ ಮೇಲೆ ಇಟ್ಟಿದ್ದರು. ಮಲಗಿದ್ದು ನಿಜವೇ ಎಂದು ಕೇಳಿದರು. ನಿಜ ಎಂದಳು. ಎಷ್ಟು ಹೊತ್ತು? ನೋಡಿಕೊಂಡು ಮಲಗಲಿಲ್ಲ. ಹಾಗಾದರೆ ಇದು ನಿನ್ನ ತಪ್ಪು ತಾನೆ ಎಂದು ಪುಸ್ತಕವನ್ನು ಅವಳ ಕಡೆ ತಳ್ಳಿದರು.

"ಅದು ಹೇಗೆ ಸಾರ್ ನನ್ನ ತಪ್ಪಾಗುತ್ತೆ? ಮಲಗಿದ್ದವಳು ಏಳನ್ನ ತಗೊಂಡು ಹೋಗಿ ಎಂಟರ ಜಾಗಕ್ಕೆ ಹಾಕಲ್ಲ. ಅಂಥ ತಪ್ಪು ಮಾಡೋಕೆ ಎಚ್ಚರ ಇರ್ಬೇಕು."

ಕೊಬ್ಬು ನೋಡಿ ಎಂಬಂತೆ ಅವರು ನನ್ನ ಕಡೆ ತಿರುಗಿದರು. ನನಗೂ ಮೊದಲು ಹಾಗೇ ಅನಿಸಿತು. ಆದರೆ ಆ ಮಾತು ಎದೆಯೊಳಗೆ ಎಲ್ಲೋ ಸಿಕ್ಕಿಕೊಂಡಿತು. ಹೊದಿಕೆ ಕಾಗದದ ಮೇಲೆ ಅವಳ ಗುರುತು ಇರಬೇಕಲ್ಲ, ತಂದು ಮುಖಕ್ಕೆ ಹಿಡಿಯಿರಿ, ಆಮೇಲೆ ವಾದ ಮಾಡಲಿ ಎಂದು ದೊರೆ ನನ್ನನ್ನು ಕೆಳಗೆ ಕಳಿಸಿದರು.

ಸುಗ್ಗಿಯಲ್ಲಿ ಮೊಳೆಯ ಕಾಗದಗಳನ್ನು ರದ್ದಿಗೆ ಹಾಕುವಷ್ಟು ಪುರಸೊತ್ತು ಯಾರಿಗಿದೆ? ಅಂಗೈ ದಪ್ಪ ಬೆಳೆದಿತ್ತು ಕಂತೆ. ದಿನಕ್ಕೊಂದು ತಾರೀಖಿನ ಚೀಟಿ ಚುಚ್ಚಿರುತ್ತೇವೆ, ಆ ದಿನವನ್ನು ಹುಡುಕಲು ಕಷ್ಟವಾಗಲಿಲ್ಲ. ಮಧ್ಯಾಹ್ನದವನ್ನು ಒಂದೊಂದಾಗಿ ತೆಗೆದೆ. ಐದು, ಸೊನ್ನೆ. ಆರು, ಸೊನ್ನೆ. ಏಳು, ಸೊನ್ನೆ. ಅದರ ಮೇಲೆ ಮತ್ತೆ ಏಳು. ಅದರ ಮೂಲೆಯಲ್ಲಿ ಎರಡು ಗೀಟು.

ಆಗ ಎಲ್ಲ ಕಣ್ಣಮುಂದೆ ಬಂತು. ನಾದಿನಿ ಏಳನೇ ಗುಡ್ಡೆ ಸರಿಯಾಗಿ ಏರಿಸಿ, ಕಾಗದ ಚುಚ್ಚಿ ಬಂದು, ಎಂಟನೇ ಕಟ್ಟಿಗೆ ಬಗ್ಗಿದವಳು ಹಾಗೇ ಕಟ್ಟುಗಳ ಮೇಲೆ ಒರಗಿದ್ದಳು. ಗಾಜಿನ ಹಿಂದೆ ದೊರೆ ಫೋನಿನಲ್ಲಿದ್ದರು, ಯಾವ ಗಳಿಗೆಯಲ್ಲಾದರೂ ಈ ಕಡೆ ತಿರುಗಬಹುದಿತ್ತು. ಎಂಟರ ಗುಡ್ಡೆಯಲ್ಲಿ ನಾಲ್ಕೈದು ಫಾರಂ ಉಳಿದಿದ್ದವು, ಇಂಜಿನ್ ಅಕ್ಕ ಸುತ್ತಿ ಬರುತ್ತಿದ್ದಳು. ನಾನು ಓಡಿ ಹೋಗಿ ನಾದಿನಿಯ ತಲೆಯ ಪಕ್ಕದ ಕಟ್ಟನ್ನು ಎಳೆದು, ಬಿಚ್ಚಿ, ಖಾಲಿ ಜಾಗಕ್ಕೆ ಸುರಿದು, ಗೀಟು ಎಳೆದು ಚುಚ್ಚಿದೆ. ನಂಬರು ನೋಡಿದೆನೇ? ನೋಡಿದ್ದರೆ ಹೀಗಾಗುತ್ತಿರಲಿಲ್ಲ. ಆಮೇಲೆ ಅವಳು ಏಳುವವರೆಗೆ ಅತ್ತ ಗುಡ್ಡೆಗಳನ್ನೂ ಇತ್ತ ಗಾಜನ್ನೂ ಕಾಯುತ್ತಾ, ಮುಂದೆ ಬಂದ ಪುಸ್ತಕಗಳ ಮೆಟ್ಟಿಲು ನೋಡದೆ ಹಾಗೇ ಹೊಲಿಗೆಗೆ ದಾಟಿಸಿದ್ದೆ.

ಕಾಗದ ಕೈಯಲ್ಲಿತ್ತು. ಪಕ್ಕದಲ್ಲೇ ಆಳೆತ್ತರದ ರದ್ದಿ ಚೀಲ. ನಾಲ್ಕು ಚೂರು ಮಾಡಿ ಹಾಕಿದ್ದರೆ ದೇವರಿಗೂ ಗೊತ್ತಾಗುತ್ತಿರಲಿಲ್ಲ. ಹಾಕಬಾರದು ಎಂಬ ದೊಡ್ಡ ಯೋಚನೆ ನನಗೆ ಹೊಳೆಯಲಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ನನ್ನ ಮಗಳ ಶಾಲೆ, ಮನೆಯ ಬಾಡಿಗೆ, ಹದಿನಾಲ್ಕು ವರ್ಷದ ಹೆಸರು, ಇವೇ ಹೊಳೆದವು. ತಲೆಯೆತ್ತಿದರೆ ಗಾಜಿನ ಹಿಂದೆ ನಾದಿನಿ ನಿಂತಿದ್ದಳು, ಬೆನ್ನು ನೆಟ್ಟಗೆ ಮಾಡಿಕೊಂಡು. ಮೂರು ತಾಸೂ ಮಲಗದ ಹೆಂಗಸು ಒಂದು ಕ್ಷಮೆಯನ್ನೂ ಕೇಳದೆ ನಿಂತಿದ್ದಳು. ಗೋಡೆಯ ಈಚೆ ನಾನು ಮಾಡಿದ ನಿದ್ದೆಯೆಲ್ಲ ಅವಳ ಕಣ್ಣಿನಿಂದ ಕಿತ್ತುಕೊಂಡದ್ದು. ನನಗೆ ಬಂದದ್ದು ಸಿಟ್ಟು. ಯಾರ ಮೇಲೆಂದು ವಿಂಗಡಿಸುವ ಮೊದಲೇ ಏಣಿ ಹತ್ತಿಯಾಗಿತ್ತು.

ಎರಡೂ ಏಳನ್ನು ಮೇಜಿನ ಮೇಲಿಟ್ಟು, ಸೊನ್ನೆ ಅವಳದು, ಗೀಟು ನನ್ನದು, ಎಂಟರ ಜಾಗಕ್ಕೆ ಏಳನ್ನು ಸುರಿದವಳು ನಾನು, ನೋಡದೆ ದಾಟಿಸಿದವಳೂ ನಾನು ಎಂದೆ. ದೊರೆ ಎರಡು ಕಾಗದಗಳನ್ನೂ ತಮ್ಮ ಕಡೆ ಎಳೆದುಕೊಂಡರು. ನೀವು ಯಾಕೆ ತುಂಬಲು ಹೋದಿರಿ ಎಂದು ಕೇಳಿದರು. ಇವಳು ಮಲಗಿದ್ದು ನಿಮಗೆ ಕಾಣಬಾರದೆಂದು, ಅಂದೆ. ಅಲ್ಲಿಗೆ ಮೂಲ ಇವಳ ನಿದ್ದೆಯೇ ಆಯಿತಲ್ಲ ಎಂದು ಅವರ ಮುಖ ಸ್ವಲ್ಪ ಸಡಿಲವಾಯಿತು.

"ಇಲ್ಲ ಸಾರ್. ಇವಳು ಮಲಗಿದಾಗ ಟೇಬಲ್ ನಿಲ್ಲಿಸಿದ್ರೆ ಅರ್ಧ ಗಂಟೆ ಹೋಗ್ತಿತ್ತು, ಪುಸ್ತಕ ಉಳೀತಿತ್ತು. ನಿಮ್ಮ ಮೂರು ಸಲದ ಕಾನೂನಿಗೆ ಹೆದರಿ ನಾನು ನಿದ್ದೆ ಮುಚ್ಚಿಡೋಕೆ ಹೋದೆ. ಮುನ್ನೂರು ಕೆಟ್ಟಿದ್ದು ಅದರಿಂದ."

"ಹಾಗಾದ್ರೆ ಎರಡು ಕಾಗದ ಬರೀರಿ. ಇವಳದೊಂದು, ನಿಮ್ಮದೊಂದು."

"ನಾನು ಒಂದೂ ಬರೆಯಲ್ಲ," ಎಂದು ಅವರು ಕೊಟ್ಟಿದ್ದ ಖಾಲಿ ಹಾಳೆಯನ್ನು ತೆಗೆದು ಅವರ ಮುಂದಿಟ್ಟೆ. ಬೆವರಿಗೆ ಅದು ಒದ್ದೆಯಾಗಿತ್ತು. "ನೀವೇ ಬರೀರಿ. ನಡೆದಿದ್ದನ್ನ ನಡೆದ ಹಾಗೆ ಬರೆದ್ರೆ ಸಹಿ ಹಾಕ್ತೀನಿ. ಇನ್ನೊಂದು ಮಾತು. ನಾಳೆಯಿಂದ ಯಾರಿಗೆ ನಿದ್ದೆ ಬಂದ್ರೂ ನಾನು ಟೇಬಲ್ ನಿಲ್ಲಿಸ್ತೀನಿ. ಇಪ್ಪತ್ತು ನಿಮಿಷ. ಮಲಗಿದವರ ಕೆಲಸವನ್ನ ಬೇರೆ ಯಾರೂ ಮುಟ್ಟಲ್ಲ."

ಇದೇನು ಧರ್ಮಛತ್ರವೇ ಎಂದು ಅವರು ಕೇಳಿದರು. ಛತ್ರದಲ್ಲಿ ಹದಿಮೂರು ಗಂಟೆ ನಿಲ್ಲಿಸಲ್ಲ ಸಾರ್ ಎಂದು ನಾದಿನಿ ನಡುವೆ ಬಾಯಿ ಹಾಕಿದಳು. ದೊರೆ ಎದ್ದು ನಿಂತರು. ಮೊದಲು ಕೆಟ್ಟ ಪುಸ್ತಕಗಳನ್ನು ಬಿಚ್ಚಿ ಸರಿಮಾಡಿ ಎಂದರು. ನಾಳೆ ಟೇಬಲ್ ನಿಲ್ಲಿಸಿ ನೋಡಿ, ಸಂಜೆಗೆ ಇಬ್ಬರೂ ಮನೆಯಲ್ಲಿರುತ್ತೀರಿ ಎಂದೂ ಹೇಳಿದರು.

ಆ ಸಂಜೆ ಊಟಕ್ಕೆ ಕೂತಾಗ ಗಂಡನಿಗೆ ಎಲ್ಲ ಹೇಳಿದೆ. ಅವನ ತಂಗಿಯ ಕೆಲಸ ಉಳಿಯಬಹುದೇ ಎಂದು ಕೇಳಿದ. ನಾಳೆ ಗೊತ್ತಾಗುತ್ತದೆ, ಇವತ್ತು ಗೊತ್ತಾಗಬೇಕಾದದ್ದು ಬೇರೆ ಇದೆ ಎಂದೆ. ಇನ್ನು ಮೇಲೆ ವಾರದಲ್ಲಿ ಮೂರು ರಾತ್ರಿ ಅವನು, ಎರಡು ರಾತ್ರಿ ನಾನು, ಎರಡು ರಾತ್ರಿ ಅವಳು.

"ನನಗೆ ಬೆಳಿಗ್ಗೆ ಆರಕ್ಕೆ ಡ್ಯೂಟಿ ಕಣೇ."

"ಅವಳಿಗೆ ನಾಲ್ಕಕ್ಕೆ."

ಅಮ್ಮನಿಗೆ ತಾನು ಯಾರೆಂದೇ ಗೊತ್ತಾಗುವುದಿಲ್ಲ, ತಾನು ಹೋಗಿ ಮಾಡುವುದೇನು ಎಂದ. ನಂಬರು ಕೊಡುವವರು ಯಾರೆಂದು ಆಪರೇಟರಿಗೆ ಯಾವತ್ತೂ ಗೊತ್ತಿರುವುದಿಲ್ಲ, ಕೊಟ್ಟರೆ ಸಾಕು ಎಂದೆ. ಮಗಳು ಕಿಸಕ್ಕನೆ ನಕ್ಕಳು. ಅವನು ತಟ್ಟೆ ಸರಿಸಿ ಎದ್ದ, ತಂಗಿಯ ಮನೆಗೆ ಹಾಸಿಗೆ ಹೊತ್ತುಕೊಂಡು ಹೋದ. ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದವನು, ಕೊಟ್ಟ ನಂಬರೆಲ್ಲ ಎಂಗೇಜ್ ಎಂದಳು ಅಮ್ಮ, ನಿಧಾನವಾಗಿ ಹೇಳಲು ಬರುವುದಿಲ್ಲವೇ ಎಂದು ಬೈದಳು ಎಂದು ದೂರಿದ. ಒಂದು ರಾತ್ರಿಗೇ ಅಷ್ಟು.

ಒಂದು ರಾತ್ರಿಯ ನಿದ್ದೆಯಿಂದ ವರ್ಷದ ಸಾಲ ತೀರುವುದಿಲ್ಲ. ಮರುದಿನ ಎರಡೂವರೆಗೆ ನಾದಿನಿಯ ತಲೆ ಕಟ್ಟುಗಳ ಮೇಲೆ ವಾಲಿತು. ಬೇಡ, ಇವತ್ತೊಂದು ದಿನ ಎದ್ದಿರು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ನಿದ್ದೆ ಹೋದಳು. ಬೆಳಿಗ್ಗೆ ಎಲ್ಲರಿಗೂ ಹೇಳಿಟ್ಟಿದ್ದ ಹಾಗೆ ನಾನು ಎರಡು ಸಲ ಚಪ್ಪಾಳೆ ತಟ್ಟಿದೆ.

ಇಂಜಿನ್ ಅಕ್ಕ ಮೂರನೇ ಗುಡ್ಡೆಯ ಮುಂದೆ ನಿಂತಳು. ಹಿಂದೆ ಬರುತ್ತಿದ್ದ ನಾಲ್ವರೂ ಕೈಯಲ್ಲಿ ಅರ್ಧರ್ಧ ಪುಸ್ತಕ ಹಿಡಿದು ನಿಂತರು. ವಾರಗಟ್ಟಲೆ ಕಿವಿ ತುಂಬಿದ್ದ ಹೆಜ್ಜೆಗಳ ಸದ್ದು ಒಮ್ಮೆಗೇ ಇಲ್ಲವಾಯಿತು. ಹೊಲಿಗೆಯವರೂ ಯಂತ್ರ ನಿಲ್ಲಿಸಿ ಇತ್ತ ನೋಡಿದರು. ಗಾಜಿನ ಬಾಗಿಲು ತೆರೆಯಿತು. ಅಟ್ಟದ ದೊರೆ ಏಣಿ ಇಳಿದು ಬರುವಷ್ಟರಲ್ಲಿ ನಾನು ನಾದಿನಿಗೂ ಅವರಿಗೂ ನಡುವೆ ಬಂದು ನಿಂತಿದ್ದೆ.

ಎಬ್ಬಿಸಿ ಎಂದರು. ಇನ್ನೂ ಹದಿನಾರು ನಿಮಿಷ ಇದೆ ಎಂದೆ. ಅವರು ನನ್ನನ್ನು ಬಿಟ್ಟು ಇಂಜಿನ್ ಅಕ್ಕನ ಕಡೆ ತಿರುಗಿ, ನೀನು ನಡಿ ಎಂದರು. ಅವಳು ಒಮ್ಮೆ ನನ್ನನ್ನು ನೋಡಿದಳು. ಮನೆಯಲ್ಲಿ ಮೂರು ಮಕ್ಕಳಿರುವ ಹೆಂಗಸು.

"ಮೂರನೇ ಗುಡ್ಡೆ ಖಾಲಿ ಸಾರ್. ತುಂಬೋರು ಮಲಗಿದಾರೆ."

ದೊರೆ ಟೇಬಲ್ಲಿನ ಕೆಳಗೆ ಬಗ್ಗಿ ತಾವೇ ಒಂದು ಕಟ್ಟನ್ನು ಎಳೆದರು. ಅದರ ನಂಬರು ನೋಡಿದರು, ಖಾಲಿ ಜಾಗ ನೋಡಿದರು. ಇನ್ನೊಂದನ್ನು ಎಳೆದರು. ಕನ್ನಡಕ ಮೇಲೇ ಬಿಟ್ಟು ಬಂದಿದ್ದರು. ಕಟ್ಟನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಐವರು ಹೆಂಗಸರು ನೋಡುತ್ತಿದ್ದ ಹಾಗೇ ಅದನ್ನು ಬಿಚ್ಚದೆ ಕೆಳಗಿಟ್ಟರು. ಕೈಯ ಧೂಳು ಕೊಡವಿಕೊಂಡರು.

"ಇನ್ನೆಷ್ಟು ಹೊತ್ತು?"

"ಹನ್ನೆರಡು ನಿಮಿಷ."

ಅವರು ಗಡಿಯಾರದ ಕಡೆ ನೋಡಿದರು. ಹೋಗುತ್ತಾರೆ ಎಂದುಕೊಂಡೆ, ಹೋಗಲಿಲ್ಲ. ಕೈ ಹಿಂದೆ ಕಟ್ಟಿ ಅಲ್ಲೇ ನಿಂತರು. ನಾನೂ ನಿಂತೆ. ಇಂಜಿನ್ ಅಕ್ಕ ಕೈಯಲ್ಲಿದ್ದ ಎರಡು ಫಾರಂ ಇಳಿಸಿ, ಬೆಳಿಗ್ಗೆಯಿಂದ ಮೊದಲ ಸಲ ನೆಲದ ಮೇಲೆ ಕಾಲು ಚಾಚಿ ಕೂತಳು. ಅವಳನ್ನು ನೋಡಿ ಮಿಕ್ಕವರೂ ಕೂತರು. ನಾದಿನಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು, ಕೆನ್ನೆಗೆ ಕಟ್ಟಿನ ದಾರದ ಗೆರೆ ಮೂಡಿತ್ತು.

ಸಮಯಕ್ಕೆ ಸರಿಯಾಗಿ ಭುಜ ಮುಟ್ಟಿದೆ. ಅವಳು ಕಣ್ಣು ಬಿಟ್ಟು, ಎದುರಿಗೆ ನಿಂತ ದೊರೆಯನ್ನು ನೋಡಿ, ಗಡಿಬಿಡಿಯಿಲ್ಲದೆ ಎದ್ದು ಸೆರಗು ಸರಿಮಾಡಿಕೊಂಡಳು. ಮೂರನೇ ಕಟ್ಟು ಎಳೆದು ಗುಡ್ಡೆ ಏರಿಸಿದಳು. ದೊರೆ ಅಷ್ಟನ್ನೂ ನೋಡಿ, ನಾಳೆಯಿಂದ ಇದನ್ನು ಎರಡೂವರೆಗೇ ಮಾಡಿ, ಎಲ್ಲರೂ ಒಟ್ಟಿಗೆ, ದಿನಕ್ಕೊಂದೇ ಸಲ ಎಂದು ನನ್ನ ಮುಖ ನೋಡದೆ ಹೇಳಿ ಏಣಿ ಹತ್ತಿದರು. ಕೆಲಸದಿಂದ ತೆಗೆದ ಕಾಗದ ಆ ಸಂಜೆ ಬರಲಿಲ್ಲ. ಮೂರು ಸಲದ ಕಾನೂನನ್ನು ತೆಗೆದಿದ್ದೇವೆ ಎಂದು ಅವರು ಇಂದಿಗೂ ಬಾಯಿಬಿಟ್ಟು ಹೇಳಿಲ್ಲ. ಅದರ ಮಾತು ಮತ್ತೆ ಎತ್ತಿಯೂ ಇಲ್ಲ.

ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನಡೆದದ್ದನ್ನು ಹೇಳಿದೆ, ದೊರೆ ಬಗ್ಗಿದ್ದು, ಕಟ್ಟು ವಾಪಸ್ ಇಟ್ಟಿದ್ದು, ಕೈ ಕಟ್ಟಿ ಕಾದದ್ದು. ಅವಳು ಎರಡೆರಡು ಸಲ ಹೇಳಿಸಿಕೊಂಡಳು. ಕೊನೆಗೆ ಮುನಿಸಿಕೊಂಡಳು.

"ನನ್ನನ್ನ ಎಬ್ಬಿಸಬಾರದಿತ್ತಾ ಅತ್ತಿಗೆ? ಅವರು ಕಾಯೋದನ್ನ ನಾನೊಬ್ಬಳೇ ನೋಡ್ಲಿಲ್ಲ."